ತೋಮನ ಎಂಟು ದಿನ

ರಾಯದುರ್ಗದಲ್ಲಿ ಹುಟ್ಟಿದವರಿಗೆ ದೇವರು ಕಣ್ಣಿಗೆ ಬೀಳದೆ ಇರುವುದೇ ಕಷ್ಟ. ಒಂದು ಕಡೆ ದಶಭುಜ ಗಣಪತಿ, ಇನ್ನೊಂದು ಕಡೆ ಪ್ರಸನ್ನ ವೆಂಕಟರಮಣ. ಲಿಂಗಾಯತ ಗೆಳತಿಯ ಅಂಗೈಯಲ್ಲೇ ಇಷ್ಟಲಿಂಗ. ನಮ್ಮ ಮನೆಯಲ್ಲಿ ಮಾತ್ರ ಗೋಡೆಗೊಂದು ಕ್ಯಾಲೆಂಡರು, ಗೂಡಿನಲ್ಲೊಂದು ಸತ್ಯವೇದ. "ನೀವು ಏನ್ ನೋಡ್ಕೊಂಡು ಕೈ ಮುಗೀತೀರವ್ವ?" ಎಂದು ಪಕ್ಕದ ಮನೆಯ ಅಜ್ಜಿ ಕೇಳುತ್ತಿದ್ದಳು. ಅದರಲ್ಲಿ ಕುಹಕವಿರಲಿಲ್ಲ. ಈ ಮಕ್ಕಳು ಕಷ್ಟ ಬಂದಾಗ ಯಾರ ಮುಂದೆ ಹೋಗಿ ಅಳಬೇಕು ಎಂಬ ಚಿಂತೆ ಅವಳದು. ನಮ್ಮಮ್ಮ ನಗುತ್ತ, "ಕಣ್ಣು ಮುಚ್ಕೊಂಡೇ ಮುಗಿಯೋದಲ್ಲೇನಜ್ಜಿ, ಮುಂದೆ ಏನಿದ್ರೇನು?" ಅನ್ನುತ್ತಿದ್ದಳು. ಅಜ್ಜಿಗೆ ಅದು ಒಪ್ಪಿಗೆಯಾಗಲಿಲ್ಲ. ನನಗೂ ಪೂರ್ತಿ ಆಗಿರಲಿಲ್ಲ.

ಗೂಡಿನಲ್ಲಿದ್ದ ಆ ಸತ್ಯವೇದದ ಬೇರು ನಮ್ಮ ಜಿಲ್ಲೆಯದೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರೂ ವಿಲಿಯಂ ರೀವ್ ಅವರೂ ವರ್ಷಗಟ್ಟಲೆ ಕೂತು ಬೈಬಲನ್ನು ಕನ್ನಡಕ್ಕೆ ತಂದರು. ಆಗ ರಾಯದುರ್ಗ ಬಳ್ಳಾರಿಗೇ ಸೇರಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ನಾವು ಅನಂತಪುರಕ್ಕೆ ಹೋದೆವು. ಹೀಗಾಗಿ ನಮ್ಮ ಭಾನುವಾರ ಎರಡು ಭಾಷೆಯದು. ಸಭೆಯಲ್ಲಿ ಹಾಡು, ಪ್ರಸಂಗ ತೆಲುಗಿನಲ್ಲಿ. ಮನೆಗೆ ಬಂದು ಮಂಡಿಯೂರಿದರೆ ಬಾಯಿಗೆ ಬರುವುದು ಕನ್ನಡ. ಕಾಣದ ದೇವರಿಗೆ ಭಾಷೆಯ ತಕರಾರಿಲ್ಲವಲ್ಲ, ಅದೊಂದು ಅನುಕೂಲ.

ಈ ನೆಲದಲ್ಲಿ ಕಾಣದ ದೇವರನ್ನು ನಂಬುವವರಿಗೆ ನಿಜವಾದ ಪರೀಕ್ಷೆ ಮಳೆಯದು. ವರ್ಷಕ್ಕೆ ಐನೂರೈವತ್ತು ಮಿಲಿಮೀಟರ್ ಸುತ್ತಮುತ್ತ ಬಿದ್ದರೆ ಅದೇ ಹೆಚ್ಚು. ಅದೂ ಶೇಂಗಾ ಹೂ ಬಿಟ್ಟು ಊಡು ಇಳಿಯುವ ಹೊತ್ತಿಗೆ ಕೈಕೊಡುತ್ತದೆ. ಅತ್ತ ಬೊಮ್ಮನಹಾಳು ಕಡೆಗೆ ಹೋದರೆ ಹಗರಿಯ ದಂಡೆಯಲ್ಲಿ ಮರಳು ಹೊಲಕ್ಕೇ ನುಗ್ಗಿ ದಿಬ್ಬವಾಗಿದೆ. ಇಂಥಲ್ಲಿ ಉಪವಾಸ ಕೂಟ ಮಾಡಿದ ವಾರ ಮಳೆ ಬಂದರೆ ಮುಂದಿನ ಭಾನುವಾರ ದೇವರು ಪ್ರಾರ್ಥನೆ ಕೇಳಿದನೆಂದು ಸಾಕ್ಷಿ ಹೇಳಲು ಸಾಲು ನಿಲ್ಲುತ್ತದೆ. ಬರದಿದ್ದರೆ ಯಾರೂ ಏಳುವುದಿಲ್ಲ. ಜ್ವರ ಬಿಟ್ಟವರು, ಸಾಲ ತೀರಿದವರು, ಮಗಳಿಗೆ ಗಂಡು ಸಿಕ್ಕವರು ಮೈಕು ಹಿಡಿಯುತ್ತಾರೆ. ಮಗು ಉಳಿಯದ ಮನೆಯವರು ಹಿಂದೆ ಚಾಪೆಯ ಮೇಲೆ ತಲೆತಗ್ಗಿಸಿ ಕೂತಿರುತ್ತಾರೆ. ಕಣ್ಣಿಗೆ ಕಾಣದ ದೇವರು ಎನ್ನುತ್ತಲೇ ನಾವು ದಿನಾ ಅವನನ್ನು ತೋರಿಸಲು ಹೊರಟಿದ್ದೇವೆ ಎಂದು ನನಗೆ ಅನ್ನಿಸತೊಡಗಿದ್ದು ಆ ಚಾಪೆಯ ಕಡೆ ನೋಡಿದಾಗ.

ಪ್ರಸಂಗಗಳಲ್ಲಿ ಬೋರ್‌ವೆಲ್ ಬಂದೇ ಬರುತ್ತದೆ. ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ನೀರಿನ ಜಾಗ ತೋರಿಸುವವನ ಮಾತು ನಂಬಿ ಕಾಣದ ನೀರಿಗೆ ಲಕ್ಷ ಸುರಿಯುತ್ತೀರಿ, ಕಾಣದ ದೇವರನ್ನು ನಂಬಲಾರಿರಾ ಎಂದು. ಕೇಳಲು ಚೆನ್ನ. ಆದರೆ ನೀರು ಬಂತೋ ಧೂಳು ಬಂತೋ ಸಂಜೆಗೆ ಗೊತ್ತಾಗುತ್ತದೆ. ಧೂಳು ಬಂದರೆ ಬೋರು ಮುಚ್ಚಿ ಮುಂದೆ ಹೋಗುತ್ತೇವೆ. ದೇವರ ಲೆಕ್ಕ ಹಾಗೆ ಸಂಜೆಗೆ ಮುಗಿಯುವುದಾದರೆ ನಮ್ಮ ಸೀಮೆಯಲ್ಲಿ ಒಬ್ಬ ವಿಶ್ವಾಸಿಯೂ ಉಳಿಯುತ್ತಿರಲಿಲ್ಲ.

ಮದುವೆಯಾಗಿ ಮಡಕಶಿರಾ ಕಡೆಗೆ ಬಂದೆ. ಮೂರು ದಿಕ್ಕಿಗೂ ಕರ್ನಾಟಕ. ಅಮರಾಪುರ, ಅಗಳಿ, ರೊಳ್ಳ ಎಲ್ಲೆಲ್ಲೂ ಕನ್ನಡವೇ. 2022ರಲ್ಲಿ ಜಿಲ್ಲೆ ಒಡೆದು ನಾವು ಶ್ರೀ ಸತ್ಯಸಾಯಿ ಜಿಲ್ಲೆಯವರಾದೆವು, ತವರು ಅನಂತಪುರದಲ್ಲೇ ಉಳಿಯಿತು. ಇಲ್ಲಿ ನೊಳಂಬ ಅರಸರ ಹೆಂಜೇರು, ಈಗಿನ ಹೇಮಾವತಿ, ಇದೆ. ಅಲ್ಲಿನ ಸಿದ್ಧೇಶ್ವರ ಲಿಂಗವಲ್ಲ, ಮನುಷ್ಯರೂಪದಲ್ಲೇ ಕೂತಿದ್ದಾನೆ. ಶಿವನಿಗೂ ಇಲ್ಲಿ ಮುಖ ಬೇಕಾಯಿತು. ಮುಖ ಬೇಕೆನ್ನುವ ಆಸೆಯನ್ನು ನಾನು ಕೀಳಾಗಿ ಕಾಣಲಾರೆ. ಬೈಬಲಿನಲ್ಲಿ ಮೋಶೆಯೂ ಅದನ್ನೇ ಬೇಡಿದ. ಅವನಿಗೆ ಸಿಕ್ಕಿದ್ದು ದೇವರ ಬೆನ್ನು ಮಾತ್ರ.

ಅನಂತಪುರ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ವಿನ್ಸೆಂಟ್ ಫೆರರ್ ಅವರ ಫೋಟೋ ದೇವರ ಪಟಗಳ ಸಾಲಿನಲ್ಲಿದೆ. ಸ್ಪೇನಿನಿಂದ ಯೇಸುಸಭೆಯವರಾಗಿ ಬಂದವರು. ಮಹಾರಾಷ್ಟ್ರ ಬಿಡಬೇಕಾಗಿ ಬಂದ ಮೇಲೆ 1969ರಲ್ಲಿ ಅನಂತಪುರಕ್ಕೆ ಬಂದು ಗ್ರಾಮೀಣಾಭಿವೃದ್ಧಿ ಟ್ರಸ್ಟ್ ಕಟ್ಟಿದರು, ಮುಂದೆ ಯೇಸುಸಭೆಯನ್ನೂ ಬಿಟ್ಟರು. ರಾಯದುರ್ಗದ ಹತ್ತಿರದ ಕಣೇಕಲ್ಲಿನಲ್ಲಿ ಆ ಟ್ರಸ್ಟಿನ ಆಸ್ಪತ್ರೆಯಿದೆ. 2009ರಲ್ಲಿ ಅವರು ತೀರಿಕೊಂಡರು. ಆ ಫೋಟೋಕ್ಕೆ ಹೂ ಮುಡಿಸುವುದನ್ನು ನೋಡಿದರೆ ನನ್ನೊಳಗಿನ ಪ್ರೊಟೆಸ್ಟೆಂಟಳಿಗೆ ಸ್ವಲ್ಪ ಇರಿಸುಮುರಿಸೇ. ಆದರೂ ಕಾಣುವ ಅಣ್ಣತಮ್ಮನನ್ನು ಬಿಟ್ಟು ಕಾಣದ ದೇವರನ್ನು ಪ್ರೀತಿಸುವುದು ಸುಳ್ಳೆಂದು ಯೋಹಾನ ಬರೆದದ್ದನ್ನು ಈ ಜನ ನಮಗಿಂತ ಮೊದಲೇ, ಪುಸ್ತಕ ಓದದೆಯೇ, ಅರ್ಥಮಾಡಿಕೊಂಡಿದ್ದಾರೆ.

ನನಗೆ ಎಲ್ಲರಿಗಿಂತ ಹತ್ತಿರದವನು ಯೇಸುವಿನ ಶಿಷ್ಯ ತೋಮ. ಸತ್ತ ಗುರು ಎದ್ದು ಬಂದನೆಂದರೆ ಗಾಯಕ್ಕೆ ಬೆರಳಿಡದೆ ನಂಬುವುದಿಲ್ಲ ಎಂದವನು. ಪ್ರಸಂಗಗಳಲ್ಲಿ ಅವನಿಗೆ ಬೈಗುಳವೇ ಹೆಚ್ಚು. ಆದರೆ ಅವನು ಹಾಗೆಂದು ಎಂಟು ದಿನದ ಮೇಲೆ ಯೇಸು ಮತ್ತೆ ಬಂದದ್ದು. ಆ ಎಂಟು ದಿನ ತೋಮ ಎಲ್ಲಿದ್ದ? ಶಿಷ್ಯರ ಜೊತೆಯಲ್ಲೇ ಇರಬೇಕು, ಎಂಟನೆಯ ದಿನ ಅದೇ ಮನೆಯಲ್ಲಿ ಸಿಕ್ಕನಲ್ಲ. ಕಂಡವರು ಹತ್ತು ಜನ, ಕಾಣದವನು ಒಬ್ಬ. ಅವರು ಅವನನ್ನು ಹೊರಗೆ ಹಾಕಲಿಲ್ಲ. ಅವನೂ ನೋಡಿದೆ ಎಂದು ಸುಳ್ಳು ಹೇಳಲಿಲ್ಲ. ಬಾಗಿಲು ಹಾಕಿಕೊಂಡ ಆ ಮನೆಯಲ್ಲಿ ಒಟ್ಟಿಗೆ ಉಂಡರು, ಮಲಗಿದರು. ಅದರ ಬಗ್ಗೆ ಒಂದು ಸಾಲೂ ಇಲ್ಲ, ನನಗೆ ಮಾತ್ರ ಇಡೀ ಕಥೆ ಅಲ್ಲೇ ಇದೆ ಅನ್ನಿಸುತ್ತದೆ. ನಮ್ಮ ಬಹುಪಾಲು ಆಯುಷ್ಯ ಆ ಎಂಟು ದಿನದೊಳಗೇ ಕಳೆಯುತ್ತದೆ.

ನಮ್ಮ ಕೂಟಕ್ಕೆ ಒಬ್ಬ ರೈತ ಬರುತ್ತಾನೆ. ಹೆಂಡತಿಗಾಗಿ ಊರೆಲ್ಲ ಪ್ರಾರ್ಥಿಸಿತ್ತು, ಉಳಿಯಲಿಲ್ಲ. ಆಮೇಲೆ ಅವನು ಹಾಡುವುದಿಲ್ಲ, ಕಣ್ಣೂ ಮುಚ್ಚುವುದಿಲ್ಲ. ಮೊದಮೊದಲು ಹಿರಿಯರು ಅವನ ವಿಶ್ವಾಸ ಬಲಪಡಿಸಲು ವಾಕ್ಯಗಳ ಪಟ್ಟಿ ಹಿಡಿದು ಹೋಗುತ್ತಿದ್ದರು. "ಬರ್ತಾನಲ್ಲ, ಬಿಡ್ರಿ" ಎಂದು ಹೆಂಗಸರು ನಾವು ತಡೆದೆವು. ಈಗ ಸಾಕ್ಷಿಯ ಹೊತ್ತಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಏನೂ ಹೇಳಲು ಇಲ್ಲದವರು ಸುಮ್ಮನೆ ಕೂರಬಹುದು. ಕೂಟ ಮುಗಿದ ಮೇಲೆ ಚಾಪೆ ಸುತ್ತಿಡುವ ಕೆಲಸ ಅವನೇ ವಹಿಸಿಕೊಂಡಿದ್ದಾನೆ. ಒಂದು ವಾರ ತಡವಾದರೆ ಯಾರಾದರೂ ಅವನ ಮನೆಗೆ ಹೋಗಿ ಉಂಡನೋ ಇಲ್ಲವೋ ನೋಡಿ ಬರುತ್ತಾರೆ. ದೇವರ ಬಗ್ಗೆ ಕೇಳುವುದಿಲ್ಲ.