ಈ ಜೆರ್ಸಿ ಒರಿಜಿನಲ್ಲಾ? ವಕ್ಕಲೇರಿ ತಾಮ್ರಪಟದಿಂದ ಒಂದು ಪಾಠ

ವರ್ಲ್ಡ್ ಕಪ್ ಹತ್ತಿರ ಬಂತು ಅಂದ್ರೆ ಹಾಸ್ಟೆಲ್ ಕಾರಿಡಾರ್ ಪೂರ್ತಿ ಹಳದಿ, ತಿಳಿನೀಲಿ, ಕಿತ್ತಳೆ. ಅದರಲ್ಲಿ ಯಾರಾದರೂ ಒಬ್ಬರು "ಇದು ವಿಂಟೇಜ್, 1986ರದ್ದು" ಅಂತಾರೆ. ತಕ್ಷಣ ಪಕ್ಕದವರ ಪ್ರಶ್ನೆ: "ಒರಿಜಿನಲ್ಲಾ ಮಗಾ?" ಸಾಮಾನ್ಯವಾಗಿ ಇದಕ್ಕೆ ಸಿಗುವ ಉತ್ತರ ರೇಟು. ಜಾಸ್ತಿ ಕೊಟ್ಟಿದ್ದರೆ ಒರಿಜಿನಲ್, ಕಮ್ಮಿ ಕೊಟ್ಟಿದ್ದರೆ ಡೂಪ್ಲಿಕೇಟ್. ಲ್ಯಾಬ್‌ನಲ್ಲಿ ಒಂದೇ ರೀಡಿಂಗ್ ತಗೊಂಡು ರಿಸಲ್ಟ್ ಬರೆದರೆ ಸರ್ ಒಪ್ತಾರಾ? ಇಲ್ಲ ತಾನೆ. ಆದರೆ ತಿಂಗಳ ಪಾಕೆಟ್ ಮನಿ ಪೂರ್ತಿ ಕೊಟ್ಟು ಹಳೇ ಜೆರ್ಸಿ ತಗೊಳ್ಳುವಾಗ ನಾವು ಒಂದು ರೀಡಿಂಗ್ ಕೂಡ ತಗೊಳ್ಳಲ್ಲ.

ರಾಷ್ಟ್ರೀಯ ತಂಡಗಳ ಹಳೇ ಫುಟ್‌ಬಾಲ್ ಜೆರ್ಸಿಯನ್ನು ಹೇಗೆ ಪರೀಕ್ಷೆ ಮಾಡೋದು ಅಂತ ಈ ಲೇಖನದಲ್ಲಿ ನೋಡೋಣ. ವಿಧಾನವನ್ನು ಶಾಸನ ಓದುವವರಿಂದ ಸಾಲ ತಗೊಂಡಿದ್ದೇವೆ.

ಮೊದಲು ಪದಗಳು

ಅಂಗಡಿ ಭಾಷೆಯಲ್ಲಿ "ಒರಿಜಿನಲ್" ಅನ್ನೋ ಒಂದೇ ಪದದಲ್ಲಿ ನಾಲ್ಕು ಬೇರೆ ಬೇರೆ ವಸ್ತುಗಳು ಸೇರಿಕೊಂಡಿವೆ.

ಒಂದು, ಮ್ಯಾಚ್ ವೋರ್ನ್. ಆಟಗಾರ ಆ ಪಂದ್ಯದಲ್ಲಿ ಹಾಕಿಕೊಂಡು ಆಡಿದ್ದು.
ಎರಡು, ಮ್ಯಾಚ್ ಇಶ್ಯೂಡ್. ಆ ಪಂದ್ಯಕ್ಕೆ ತಂಡಕ್ಕೆ ಕೊಟ್ಟಿದ್ದು, ಆದರೆ ಹಾಕದೆಯೇ ಬ್ಯಾಗಲ್ಲಿ ಉಳಿದಿರಬಹುದು.
ಮೂರು, ಆ ಕಾಲದ ರೆಪ್ಲಿಕಾ. ಅದೇ ವರ್ಷ ಅದೇ ಕಂಪನಿ ಅಭಿಮಾನಿಗಳಿಗೆ ಮಾರಿದ್ದು.
ನಾಲ್ಕು, ರೀಮೇಕ್. ಕಂಪನಿಯೇ ಹಳೇ ಡಿಸೈನನ್ನು ಈಗ ಮತ್ತೆ ತಯಾರಿಸಿ ಮಾರೋದು.

ನಾಲ್ಕರಲ್ಲೂ ತಪ್ಪೇನಿಲ್ಲ. ನಾಲ್ಕನೆಯದನ್ನು ಮೂರನೆಯದು ಅಂತಲೋ, ಮೂರನೆಯದನ್ನು ಮೊದಲನೆಯದು ಅಂತಲೋ ಮಾರಿದಾಗ ಮೋಸ ಆಗುತ್ತೆ. ಇವುಗಳ ಹೊರಗೆ ಐದನೆಯದೊಂದಿದೆ, ಪೂರ್ತಿ ನಕಲಿ. ಈಗಿನ ಶೋರೂಂಗಳಲ್ಲಿ "ಅಥೆಂಟಿಕ್" ಅಂತ ಬರೆದಿರೋದು ಆಟಗಾರರ ಅಳತೆಯ, ಅವರದೇ ಬಟ್ಟೆಯ ಹೊಸ ಮಾಡೆಲ್‌ಗೆ. ಅದಕ್ಕೂ ಹಳೆಯದಕ್ಕೂ ಸಂಬಂಧ ಇಲ್ಲ.

ವಕ್ಕಲೇರಿಯಲ್ಲಿ ಸಿಕ್ಕಿದ್ದು

ಕೋಲಾರ ತಾಲ್ಲೂಕಿನ ವಕ್ಕಲೇರಿ ನಮ್ಮಲ್ಲಿ ಕೆಲವರ ಊರು. ಹೊರಗಿನವರಿಗೆ ಮಾರ್ಕಂಡೇಶ್ವರ ಬೆಟ್ಟದಿಂದ ಗೊತ್ತು. ಇತಿಹಾಸ ಓದುವವರಿಗೆ ಗೊತ್ತಿರೋದು ಅಲ್ಲಿ ಸಿಕ್ಕ ತಾಮ್ರಪಟದಿಂದ. ಬಾದಾಮಿ ಚಾಲುಕ್ಯರ ಎರಡನೇ ಕೀರ್ತಿವರ್ಮ ಶಕ ವರ್ಷ 679ರಲ್ಲಿ, ಅಂದರೆ ಕ್ರಿ.ಶ. 757ರಲ್ಲಿ, ಕೊಟ್ಟ ದಾನದ ಪತ್ರ ಅದು. ದಾನ ಕೊಟ್ಟ ಹಳ್ಳಿ ಇದ್ದದ್ದು ಪಾನುಂಗಲ್, ಅಂದರೆ ಇವತ್ತಿನ ಹಾನಗಲ್ ಸೀಮೆಯಲ್ಲಿ. ಪಟ ಸಿಕ್ಕಿದ್ದು ನಮ್ಮ ಕೋಲಾರದಲ್ಲಿ.

ತಾಮ್ರದ ಮೇಲೆ ರಾಜನ ಹೆಸರು ಇದೆ ಅಂದ ಮಾತ್ರಕ್ಕೆ ವಿದ್ವಾಂಸರು ಅದನ್ನು ನಂಬಲ್ಲ. ಅಕ್ಷರದ ರೂಪ 8ನೇ ಶತಮಾನದ್ದೇನಾ? ರಾಜರ ವಂಶಾವಳಿ ಬೇರೆ ಚಾಲುಕ್ಯ ಶಾಸನಗಳ ಜೊತೆ ಕೂಡುತ್ತಾ? ಆಳ್ವಿಕೆಯ ವರ್ಷ, ಶಕ ವರ್ಷ ಎರಡೂ ತಾಳೆ ಆಗುತ್ತಾ? ಹೀಗೆ ಒಂದೊಂದೇ ನೋಡ್ತಾರೆ. ಕೊನೆಗೆ ಹೊರಗಿನ ಸಾಕ್ಷಿ. ಕೀರ್ತಿವರ್ಮನ ತಂದೆ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದರೂ ಊರನ್ನು ಹಾಳು ಮಾಡದೆ, ರಾಜಸಿಂಹೇಶ್ವರ ದೇವಾಲಯದ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟ ಅಂತ ವಕ್ಕಲೇರಿ ಪಟ ಹೇಳುತ್ತೆ. ಆ ದೇವಾಲಯವನ್ನು ಈಗ ಕಂಚಿಯ ಕೈಲಾಸನಾಥ ಅಂತ ಕರೀತಾರೆ. ಅಲ್ಲಿನ ಒಂದು ಕಂಬದ ಮೇಲೆ ವಿಕ್ರಮಾದಿತ್ಯನ ಶಾಸನ ಇದೆ, ಅದೂ ಕನ್ನಡದಲ್ಲಿ, ಅದೇ ವಿಷಯ! ದೂರ ದೂರದ ಎರಡು ಜಾಗ, ಬೇರೆ ಬೇರೆ ಸಮಯ, ಒಂದು ತಾಮ್ರ, ಒಂದು ಕಲ್ಲು. ಎರಡೂ ಒಂದೇ ಮಾತು ಹೇಳ್ತವೆ.

ಉಲ್ಟಾ ಉದಾಹರಣೆಯೂ ಇದೆ. ಗಂಗರ ಹೆಸರಿನ ಹಲವು ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಕೂಟಶಾಸನ, ಅಂದರೆ ನಕಲಿ, ಅಂತ ತಳ್ಳಿಹಾಕಿದರು. ಪಟದಲ್ಲಿ ಬರೆದ ಕಾಲಕ್ಕಿಂತ ಅಕ್ಷರದ ರೂಪ ಎಷ್ಟೋ ಈಚಿನದು ಅನ್ನೋದು ಅವರ ಮುಖ್ಯ ವಾದಗಳಲ್ಲಿ ಒಂದು. ಬಿ.ಎಲ್. ರೈಸ್ ಇದನ್ನು ಒಪ್ಪಲಿಲ್ಲ, ಇಬ್ಬರ ನಡುವೆ ದೊಡ್ಡ ವಾದವೇ ನಡೆಯಿತು. ನಮಗೆ ಬೇಕಾದ್ದು ಆ ವಿಧಾನ. ಅದರಿಂದ ಎರಡು ನಿಯಮ ಬರೆದುಕೊಳ್ಳಿ.

ನಿಯಮ 1: ವಸ್ತುವಿನ ಮೇಲಿರುವ ಪ್ರತಿಯೊಂದು ಗುರುತೂ ಹೇಳಿದ ವರ್ಷದಲ್ಲಿ ಇರಲು ಸಾಧ್ಯವಾಗಿರಬೇಕು. ಸಾಧ್ಯವೇ ಇಲ್ಲದ ಒಂದು ಗುರುತು ಸಿಕ್ಕರೂ ತಳ್ಳಿಹಾಕಬಹುದು.
ನಿಯಮ 2: ಎಲ್ಲ ಗುರುತೂ ಸರಿ ಇದ್ದರೆ "ಇರಬಹುದು" ಅಂತ ಮಾತ್ರ ಹೇಳಬಹುದು. "ಹೌದು" ಅನ್ನೋಕೆ ಹೊರಗಿನ ಸಾಕ್ಷಿ ಬೇಕು.

ಕೈಯಲ್ಲೇ ಮಾಡಬಹುದಾದ ಐದು ಪರೀಕ್ಷೆ

ಲಾಂಛನ. "1970ರ ಪೆಲೆ ಜೆರ್ಸಿ" ಅಂತ ಮಾರೋದರಲ್ಲಿ ಎದೆಯ ಲಾಂಛನ ನೋಡಿ. ಅದರ ಮೇಲೆ ಮೂರು ನಕ್ಷತ್ರ ಇದೆಯಾ? ಒಂದು ಕಪ್‌ಗೆ ಒಂದು ನಕ್ಷತ್ರ. ಬ್ರೆಜಿಲ್ ಮೂರನೇ ಕಪ್ ಗೆದ್ದಿದ್ದೇ 1970ರ ಫೈನಲ್‌ನಲ್ಲಿ. ಹಾಗಿದ್ದರೆ ಆ ಫೈನಲ್‌ಗೆ ಹಾಕಿದ ಅಂಗಿಯ ಮೇಲೆ ಮೂರನೇ ನಕ್ಷತ್ರ ಹೇಗೆ ಬರುತ್ತೆ? ಅಕ್ಷರಗಳನ್ನೂ ನೋಡಿ. ಆಗ ಇದ್ದದ್ದು ಸಿಬಿಡಿ. ಸಿಬಿಎಫ್ ಅನ್ನೋ ಸಂಸ್ಥೆ ಹುಟ್ಟಿದ್ದು 1979ರಲ್ಲಿ.

ಹೆಸರು ಮತ್ತು ನಂಬರ್. ವಿಶ್ವಕಪ್‌ನಲ್ಲಿ ಬೆನ್ನಿನ ಮೇಲೆ ನಂಬರ್ ಬಂದಿದ್ದು 1950ರಲ್ಲಿ. ಆಟಗಾರರ ಹೆಸರು ಬಂದಿದ್ದು 1994ರಲ್ಲಿ, ಅಮೆರಿಕದಲ್ಲಿ ನಡೆದ ಕಪ್‌ಗೆ. ಆದ್ದರಿಂದ 10ರ ಮೇಲೆ "ಮರಡೋನಾ" ಅಂತ ದೊಡ್ಡದಾಗಿ ಬರೆದಿರುವ "1986ರ ಮ್ಯಾಚ್ ವೋರ್ನ್" ಕಂಡರೆ ಅಣ್ಣನಿಗೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ಹೋಗಿ. ಅಂಗಿ ಹಳೆಯದೇ ಇದ್ದು, ಹೆಸರನ್ನು ಯಾರೋ ಆಮೇಲೆ ಹಾಕಿಸಿರಲೂಬಹುದು. ಆದರೂ ಅದು ಆ ಪಂದ್ಯದ್ದಲ್ಲ.

ಲೇಬಲ್. ಕತ್ತಿನ ಹತ್ತಿರದ ಲೇಬಲ್ಲಿನಲ್ಲಿ "ಮೇಡ್ ಇನ್ ವೆಸ್ಟ್ ಜರ್ಮನಿ" ಅಂತಿದ್ದರೆ ಅದು ಒಂದು ಗಡಿ ಹಾಕಿಕೊಡುತ್ತೆ. ಎರಡು ಜರ್ಮನಿ ಒಂದಾಗಿದ್ದು 1990ರ ಅಕ್ಟೋಬರ್ 3ಕ್ಕೆ. 1994ರ ಜೆರ್ಸಿ ಮೇಲೆ ಆ ಲೇಬಲ್ ಇದ್ದರೆ ಲೇಬಲ್ ಬೇರೆ ಕಡೆಯಿಂದ ಬಂದಿದೆ ಅಂತ ಅರ್ಥ. ಲೇಬಲ್ ಹೊಲಿದ ದಾರ, ಅಂಗಿಯ ಬೇರೆ ಹೊಲಿಗೆಯ ದಾರ ಒಂದೇ ಥರ ಹಳೆಯದಾಗಿದೆಯಾ ಅಂತಲೂ ನೋಡಿ.

ಬಟ್ಟೆ. ಒಳಗಡೆ ಬಿಟ್ಟುಕೊಂಡಿರುವ ಒಂದೇ ಒಂದು ಎಳೆ, ಅದೂ ಮಾಲೀಕರು ಒಪ್ಪಿದರೆ ಮಾತ್ರ, ಕತ್ತರಿಸಿ ಉರಿಸಿ ನೋಡಬಹುದು. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿ ಆಗುತ್ತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತೆ. ಪಾಲಿಯೆಸ್ಟರ್ ನೂಲು ಕಂಡುಹಿಡಿದಿದ್ದೇ 1941ರಲ್ಲಿ, ಹಾಗಾಗಿ 1930ರ ಅಂಗಿ ಕರಗಿದರೆ ಕಥೆ ಮುಗೀತು. ಇನ್ನೊಂದು ಮಾತು. ಕೆಲವರು ಯುವಿ ಟಾರ್ಚ್ ಬಿಟ್ಟು, ಬಟ್ಟೆ ನೀಲಿಯಾಗಿ ಹೊಳೆದರೆ ಹೊಸದು ಅಂತಾರೆ. ಹೊಳೆಯೋದು ಬಟ್ಟೆಗೆ ಬಿಳುಪು ಕೊಡುವ ರಾಸಾಯನಿಕ. ಅದು ಈಗಿನ ಡಿಟರ್ಜೆಂಟ್‌ನಲ್ಲೂ ಇರುತ್ತೆ. ಅಜ್ಜನ ಕಾಲದ ಅಂಗಿಯನ್ನು ಅಮ್ಮ ಹೋದ ವಾರ ಪೌಡರ್ ಹಾಕಿ ಒಗೆದಿದ್ದರೆ ಅದೂ ಹೊಳೆಯುತ್ತೆ. ಒಂದೇ ಟೆಸ್ಟ್ ನಂಬಬೇಡಿ.

ಕೋಡ್. 2000ದ ಈಚಿನ ಜೆರ್ಸಿಗಳ ಒಳಗಿನ ಸಣ್ಣ ಟ್ಯಾಗ್‌ನಲ್ಲಿ ಪ್ರಾಡಕ್ಟ್ ಕೋಡ್ ಇರುತ್ತೆ. ಹುಡುಕಿದರೆ ಅದೇ ತಂಡ, ಅದೇ ವರ್ಷ ಬರಬೇಕು. ನಕಲಿ ಮಾಡುವವರು ಎಷ್ಟೋ ಸಲ ಒಂದೇ ಕೋಡನ್ನು ಎಲ್ಲ ತಂಡಕ್ಕೂ ಅಚ್ಚು ಹಾಕಿರ್ತಾರೆ. ನಮ್ಮ ದೇಶದ ತಂಡಕ್ಕೂ ಇದೇ ಥರ ಒಂದು ಟೆಸ್ಟ್ ಇದೆ. 2019ರ ಜನವರಿ 6ರಂದು ಏಷ್ಯನ್ ಕಪ್‌ನಲ್ಲಿ ಭಾರತ ಥಾಯ್ಲೆಂಡನ್ನು 4-1ರಿಂದ ಸೋಲಿಸಿತು, ಛೆಟ್ರಿ ಎರಡು ಗೋಲು ಹೊಡೆದರು. ಆ ಪಂದ್ಯದ ಜೆರ್ಸಿ ಅಂತ ನೈಕಿ ಗುರುತು ಇರೋದನ್ನ ಯಾರಾದರೂ ತೋರಿಸಿದರೆ ಒಪ್ಪಬೇಡಿ. ನೈಕಿ ಜಾಗಕ್ಕೆ ಸಿಕ್ಸ್‌ಫೈವ್‌ಸಿಕ್ಸ್ ಬಂದಿದ್ದು 2018ರ ಕೊನೆಯಲ್ಲೇ.

ಮೆಕ್ಸಿಕೊ, 22 ಜೂನ್ 1986

ನಿಯಮ 1ನ್ನು ಕಣ್ಣು ಮುಚ್ಚಿಕೊಂಡು ಹಾಕಿದರೆ ಏನಾಗುತ್ತೆ ಅನ್ನೋದಕ್ಕೆ ಅರ್ಜೆಂಟೀನಾದ ನೀಲಿ ಜೆರ್ಸಿ ಒಳ್ಳೇ ಕೇಸ್. ಇಂಗ್ಲೆಂಡ್ ವಿರುದ್ಧ ಕ್ವಾರ್ಟರ್ ಫೈನಲ್, ಮಧ್ಯಾಹ್ನದ ಬಿಸಿಲು. ಇದ್ದ ನೀಲಿ ಅಂಗಿಗಳು ಭಾರ ಅಂತ ಕೋಚ್ ಬಿಲಾರ್ಡೊಗೆ ಅನಿಸಿತು. ತಂಡದವರು ಮೆಕ್ಸಿಕೊ ಸಿಟಿಯ ಅಂಗಡಿಗೆ ಹೋಗಿ ಹಗುರವಾದ ಅಂಗಿ ತಂದರು. ಲಾಂಛನವನ್ನು ಅವಸರದಲ್ಲಿ ಹೊಲಿದರು. ಬೆನ್ನಿಗೆ ಅಮೆರಿಕನ್ ಫುಟ್‌ಬಾಲ್‌ನ ಥರ ಹೊಳೆಯುವ ಬೆಳ್ಳಿ ಬಣ್ಣದ ನಂಬರನ್ನು ಇಸ್ತ್ರಿ ಹಾಕಿ ಅಂಟಿಸಿದರು. ಕಥೆ ಗೊತ್ತಿಲ್ಲದವರು ನೋಡಿದರೆ ಸಂತೆಯ ನಕಲಿ ಅಂತಾರೆ. ಆದರೆ ಅದೇ ಒರಿಜಿನಲ್. ವಿಚಿತ್ರವಾಗಿರೋದು ಬೇರೆ, ಅಸಾಧ್ಯವಾಗಿರೋದು ಬೇರೆ.

ಪಂದ್ಯ ಮುಗಿದ ಮೇಲೆ ಮರಡೋನಾ ಅಂಗಿ ಬದಲಾಯಿಸಿಕೊಂಡಿದ್ದು ಇಂಗ್ಲೆಂಡಿನ ಸ್ಟೀವ್ ಹಾಜ್ ಜೊತೆ. ಮುಂದೆ ಅದು ಸುಮಾರು 20 ವರ್ಷ ಇಂಗ್ಲೆಂಡಿನ ನ್ಯಾಷನಲ್ ಫುಟ್‌ಬಾಲ್ ಮ್ಯೂಸಿಯಂನಲ್ಲಿತ್ತು. 2022ರಲ್ಲಿ ಸದಬೀಸ್ ಹರಾಜಿಗೆ ಬಂದಾಗ, ಹಾಜ್ ಹತ್ತಿರ ಇರೋದು ಮೊದಲ ಅರ್ಧದ ಅಂಗಿ, ಗೋಲು ಹೊಡೆದ ಎರಡನೇ ಅರ್ಧದ್ದಲ್ಲ ಅಂತ ಮರಡೋನಾ ಅವರ ಮಗಳು ಹೇಳಿದರು. ಆಗ ಕೆಲಸಕ್ಕೆ ಬಂದಿದ್ದು ಫೋಟೊ ಮ್ಯಾಚಿಂಗ್. ಲಾಂಛನದ ಹೊಲಿಗೆ, ಪಟ್ಟೆ ಎಲ್ಲಿ ಕೂಡುತ್ತೆ, ನಂಬರಿನ ಬೆಳ್ಳಿ ಚುಕ್ಕಿ, ಇವನ್ನೆಲ್ಲ ಗೋಲಿನ ಹೊತ್ತಿನ ಫೋಟೊಗಳ ಜೊತೆ ಹೋಲಿಸಿದರು. ಕೈಯಿಂದ ಅವಸರದಲ್ಲಿ ಮಾಡಿದ್ದರಿಂದ ಪ್ರತಿ ಅಂಗಿಯೂ ಸ್ವಲ್ಪ ಸ್ವಲ್ಪ ಬೇರೆ ಇತ್ತು, ಅದೇ ಬೆರಳಚ್ಚಿನ ಥರ ಆಯಿತು. ಹರಾಜಿನ ಬೆಲೆ ಸುಮಾರು 71 ಲಕ್ಷ ಪೌಂಡ್. ವಕ್ಕಲೇರಿಗೆ ಕಂಚಿಯ ಕಂಬ ಇದ್ದ ಹಾಗೆ ಈ ಅಂಗಿಗೆ ಫೋಟೊ.

ನಮ್ಮವರ ಅಂಗಿಗಳು ಎಲ್ಲಿ?

ಸ್ವತಂತ್ರ ಭಾರತ ಒಲಿಂಪಿಕ್ಸ್‌ನಲ್ಲಿ ಆಡಿದ ಮೊದಲ ಫುಟ್‌ಬಾಲ್ ಪಂದ್ಯ 1948ರ ಜುಲೈ 31ಕ್ಕೆ, ಫ್ರಾನ್ಸ್ ವಿರುದ್ಧ. ನಮ್ಮವರಲ್ಲಿ ಹೆಚ್ಚಿನವರು ಬೂಟಿಲ್ಲದೆ ಆಡಿದರು. 2-1ರಿಂದ ಸೋತೆವು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ 1951ರ ದೆಹಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲೂ, 1952ರ ಹೆಲ್ಸಿಂಕಿಯಲ್ಲೂ ಆಡಿದರು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದಲ್ಲಿ ಕೆಂಪಯ್ಯ ಇದ್ದರು. 1962ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ತಂದ ತಂಡದಲ್ಲಿ ಅರುಮೈನಾಯಗಂ ಇದ್ದರು. ಹಲಸೂರಿನ ಗೌತಮಪುರಕ್ಕೆ ಹೋದರೆ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಗೆ ಪೆಲೆ ಪ್ರತಿಮೆಯೂ ನಿಂತಿದೆ. ಫುಟ್‌ಬಾಲ್ ಅಂದ್ರೆ ಅಷ್ಟು ಪ್ರೀತಿ ಇರುವ ಕೇರಿ ಅದು.

ಪೆಲೆಯ 1970ರ ಫೈನಲ್ ಅಂಗಿ 2002ರಲ್ಲಿ ಲಂಡನ್ ಹರಾಜಿನಲ್ಲಿ 1,57,750 ಪೌಂಡಿಗೆ ಹೋಯಿತು ಅಂತ ನಮಗೆ ಬಾಯಿಪಾಠ. ರಾಮನ್ ಗೋಲು ಹೊಡೆದ ದಿನ ಹಾಕಿದ್ದ ಅಂಗಿಯ ಕಾಲರ್ ಹೇಗಿತ್ತು ಅಂತ ಕೇಳಿದರೆ ನಾವು ಸುಮ್ಮನಾಗ್ತೇವೆ. ಅಭಿಮಾನಿಗಳಿಗೆ ರೆಪ್ಲಿಕಾ ಮಾರುವ ವ್ಯಾಪಾರ ಇಂಗ್ಲೆಂಡಿನಲ್ಲೇ ಜೋರಾಗಿದ್ದು 1970ರ ದಶಕದಲ್ಲಿ. ಅದಕ್ಕಿಂತ ಮುಂಚಿನ ಭಾರತದ ಅಂಗಿ ಎಲ್ಲಾದರೂ ಉಳಿದಿದ್ದರೆ ಅದು ಆಡಿದವರ ಮನೆಯಲ್ಲೋ, ಅವರು ಕೊಟ್ಟವರ ಮನೆಯಲ್ಲೋ ಇರಬೇಕು. ನಮ್ಮ ಕಡೆ ಹಳೇ ಬಟ್ಟೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಚೆನ್ನಾಗಿದ್ದರೆ ಸ್ಟೀಲ್ ಪಾತ್ರೆಯವರಿಗೆ, ಇಲ್ಲದಿದ್ದರೆ ನೆಲ ಒರೆಸೋಕೆ. ಅಂಗಿ ಹೋದ ಮೇಲೆ ಫೋಟೊ ಇದ್ದರೂ ಹೋಲಿಸೋಕೆ ಏನೂ ಇರಲ್ಲ. ಅಂಗಿ ಇದ್ದು, ಅದು ಯಾರದು ಅಂತ ಹೇಳುವ ಅಜ್ಜಿ ಹೋಗಿಬಿಟ್ಟರೆ, ಅದೂ ನಿಯಮ 2ರಲ್ಲಿ ಫೇಲ್.

ಮಾಡಬೇಕಾದ್ದು

ದುಡ್ಡು ಕೊಟ್ಟು ಕೊಳ್ಳುವುದಕ್ಕಿಂತ ಮುಂಚೆ ಈ ಕೆಲಸ ಇದೆ, ಖರ್ಚೂ ಇಲ್ಲ. ದೇಶಕ್ಕೇ ಆಡಿರಬೇಕು ಅಂತಿಲ್ಲ. 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೈಸೂರು ತಂಡದ ಅಂಗಿಯಾದರೂ ಸರಿ. ಆಮೇಲೆ ನಮ್ಮ ರಾಜ್ಯ ಅದನ್ನು ಮತ್ತೆ ಗೆದ್ದಿದ್ದು 2023ರಲ್ಲಿ. ಕೆಜಿಎಫ್ ಗಣಿ ಕಾಲೊನಿಯ ತಂಡದ್ದಾದರೂ ಸರಿ. ರಜೆಗೆ ಊರಿಗೆ ಹೋದಾಗ ಮನೆಯಲ್ಲಿ, ನೆಂಟರಲ್ಲಿ, ಬೀದಿಯಲ್ಲಿ ಆಡಿದ್ದವರನ್ನು ಕೇಳಿ. ಒಂದು ಸಿಕ್ಕರೂ ಹೀಗೆ ಮಾಡಿ.

ಒಗೆಯಬೇಡಿ. ಕಲೆ, ಹರುಕು, ತೇಪೆ ಎಲ್ಲವೂ ಫೋಟೊ ಮ್ಯಾಚಿಂಗ್‌ಗೆ ಬೇಕು. ಮುಂದೆ, ಹಿಂದೆ, ಲೇಬಲ್, ಲಾಂಛನದ ಒಳಮೈ, ಹೊಲಿಗೆ, ಎಲ್ಲದಕ್ಕೂ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಯಾರ ಅಂಗಿ, ಯಾವ ಪಂದ್ಯ, ಯಾರು ಯಾರಿಗೆ ಯಾವಾಗ ಕೊಟ್ಟರು ಅನ್ನೋದನ್ನ ಅವರ ಮಾತಿನಲ್ಲೇ ಬರೆದು ತಾರೀಖು ಹಾಕಿ. ಕೇಳಿದ್ದು, ಕಣ್ಣಾರೆ ಕಂಡಿದ್ದು ಬೇರೆ ಬೇರೆ ಬರೆಯಿರಿ. ಅವರ ಮನೆಯ ಹಳೇ ಗ್ರೂಪ್ ಫೋಟೊ, ಪೇಪರ್ ಕಟಿಂಗ್ ಇದ್ದರೆ ಅದನ್ನೂ ತೆಗೆದುಕೊಳ್ಳಿ. ಕಪ್ಪು-ಬಿಳುಪು ಫೋಟೊದಲ್ಲಿ ಬಣ್ಣ ಗೊತ್ತಾಗಲ್ಲ, ಆದರೆ ಕಾಲರ್, ಗುಂಡಿ, ಲಾಂಛನದ ಜಾಗ ಗೊತ್ತಾಗುತ್ತೆ. ಅಂಗಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ತಂತಿ ಹ್ಯಾಂಗರ್‌ಗೆ ಹಾಕಬೇಡಿ. ಒಗೆದು ಒಣಗಿಸಿದ ಬಿಳಿ ಹತ್ತಿ ಪಂಚೆಯಲ್ಲಿ ಸುತ್ತಿ, ಬಿಸಿಲು ಬೀಳದ, ಒಣಗಿದ ಜಾಗದಲ್ಲಿ ಮಲಗಿಸಿಡಿ. ಮುಖ್ಯವಾಗಿ, ಅಂಗಿ ಅವರ ಮನೆಯಲ್ಲೇ ಇರಲಿ, ಕೇಳಿ ಈಸ್ಕೊಂಡು ಬರಬೇಡಿ. ನಮಗೆ ಬೇಕಾದ್ದು ಫೋಟೊ ಮತ್ತು ಬರೆದ ಹಾಳೆ. ಅದರ ಒಂದು ಪ್ರತಿ ಅವರಿಗೂ ಕೊಡಿ, ಅಂಗಿಯ ಜೊತೆಯಲ್ಲೇ ಮಡಿಸಿಡಲಿ.

ಮುಂದಿನ ಸೆಮಿಸ್ಟರ್ ಶುರುವಾದಾಗ ಹಾಳೆಗಳನ್ನು ಸಂಘದ ರೂಮಿಗೆ ತನ್ನಿ. ಐದು ಪರೀಕ್ಷೆಯನ್ನೂ ಎಲ್ಲರೂ ಸೇರಿ ಮಾಡೋಣ. ನಿಮ್ಮ "1986ರ ವಿಂಟೇಜ್" ಇದ್ದರೆ ಅದನ್ನೂ ತನ್ನಿ.