ಹಳೆಯ ಲಾರಿಯಲ್ಲಿ ನೀರು ಸೋರುವಿಕೆ: ಪತ್ತೆಹಚ್ಚುವ ಕ್ರಮ ಮತ್ತು ದುರಸ್ತಿ

ಟೊಮೇಟೊ, ಸೊಪ್ಪು, ಹೂವು ಮುಂತಾದ ಬೇಗ ಕೆಡುವ ಮಾಲನ್ನು ಹೇರಿಕೊಂಡು ರಾತ್ರಿ ಹೊರಟ ಲಾರಿಯು ಎಂಜಿನ್ ಕಾದು ದಾರಿಯಲ್ಲಿ ನಿಂತುಹೋದರೆ, ನಷ್ಟವು ಲಾರಿಯ ಯಜಮಾನನೊಬ್ಬನದೇ ಅಲ್ಲ. ಬೆಳಗಿನ ಹರಾಜಿಗೆ ತಲಪದ ಮಾಲು ಮಧ್ಯಾಹ್ನಕ್ಕೆ ಅರ್ಧ ಬೆಲೆಗೂ ಹೋಗದಿರಬಹುದು. ಹೀಗೆ ಎಂಜಿನ್ ಕಾಯುವುದಕ್ಕೆ ಅನೇಕ ವೇಳೆ ರೇಡಿಯೇಟರಿನ ನೀರು ಎಲ್ಲಿಯೋ ಸೋರುತ್ತಿರುವುದೇ ಕಾರಣವಾಗಿರುತ್ತದೆ. ದಿನವೂ ಒಂದು ಬಿಂದಿಗೆ ನೀರು ಹೊಯ್ದು ಕಾಲ ತಳ್ಳುವ ಅಭ್ಯಾಸವು ಹಳ್ಳಿಗಳಲ್ಲಿ ಸಾಮಾನ್ಯವಾಗಿರುವುದಾದರೂ, ಅದು ಎಂಜಿನ್ನಿಗೆ ಬಹು ಹಾನಿಕರವು.

ಸೋರುವ ನೀರು ಸ್ವಲ್ಪವೇ ಆದರೂ ಏಕೆ ಕೆಡಕಾಗುವುದೆಂಬುದನ್ನು ಮೊದಲು ತಿಳಿಯತಕ್ಕದ್ದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುವುದು. ರೇಡಿಯೇಟರಿನ ಮುಚ್ಚಳವು ಒಳಗೆ ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗ್ರಾಂ ಒತ್ತಡವನ್ನು ಹಿಡಿದಿಟ್ಟರೆ, ಅದೇ ನೀರು ಸುಮಾರು 109 ಡಿಗ್ರಿಯವರೆಗೆ ಕುದಿಯದೆ ನಿಲ್ಲುವುದು. ಸೂಜಿಮೊನೆಯಷ್ಟು ರಂಧ್ರವಿದ್ದರೂ ಈ ಒತ್ತಡ ಸರಿಯಾಗಿ ನಿಲ್ಲದು. ಆದುದರಿಂದ ಭಾರ ಹೊತ್ತು ಘಾಟಿ ಹತ್ತುವಾಗ, ನೀರು ಸಾಕಷ್ಟಿದ್ದರೂ ಲಾರಿ ಕುದಿಯುವುದು. ಮುಚ್ಚಳದ ರಬ್ಬರು ಸತ್ತುಹೋಗಿದ್ದರೂ ಇದೇ ಫಲವಾದುದರಿಂದ, ಪರೀಕ್ಷೆಯನ್ನು ಮುಚ್ಚಳದಿಂದಲೇ ಪ್ರಾರಂಭಿಸುವುದು ಉಚಿತ. ಕಾದ ಎಂಜಿನ್ನಿನ ಮುಚ್ಚಳವನ್ನು ಮಾತ್ರ ಎಂದಿಗೂ ತೆಗೆಯಕೂಡದು. ಚಿಮ್ಮುವ ಬಿಸಿನೀರು ಮುಖವನ್ನೂ ಕಣ್ಣನ್ನೂ ಸುಡುವುದು.

ನೆಲದ ಮೇಲೆ ತೊಟ್ಟಿಕ್ಕಿದ ಸ್ಥಳವನ್ನು ನೋಡಿ ಸೋರುವ ಸ್ಥಳವನ್ನು ನಿಶ್ಚಯಿಸುವುದು ಸರಿಯಲ್ಲ. ಫ್ಯಾನಿನ ಗಾಳಿಯು ಮುಂಭಾಗದ ಹನಿಗಳನ್ನು ಹಿಂದಕ್ಕೆ ಎರಚುವುದರಿಂದ, ಪಂಪಿನಲ್ಲಿ ಸೋರಿದ ನೀರು ಗೇರ್‌ಬಾಕ್ಸಿನ ಕೆಳಗೆ ಕಾಣಿಸಿಕೊಳ್ಳಬಹುದು. ಎಂಜಿನ್ನನ್ನು ತೊಳೆದು ಒಣಗಿಸಿ, ತಣ್ಣಗಿರುವಾಗ ನೀರನ್ನು ಗುರುತಿನವರೆಗೆ ತುಂಬಿ, ಕೆಳಗೆ ಒಣ ರಟ್ಟನ್ನು ಹಾಸಿ, ಸ್ವಲ್ಪ ಹೊತ್ತು ಓಡಿಸಿ ನೋಡಬೇಕು. ರೇಡಿಯೇಟರಿನ ಬಾಯಿಗೆ ಹಿಡಿಸುವ ಕೈಪಂಪು ದೊರೆಯುವುದಾದರೆ ಇನ್ನೂ ಉತ್ತಮ. ಮುಚ್ಚಳದ ಮೇಲೆ ನಮೂದಿಸಿದಷ್ಟೇ ಒತ್ತಡವನ್ನು ತುಂಬಿ ಕಾಲು ಗಂಟೆ ಬಿಟ್ಟರೆ, ಮುಳ್ಳು ಇಳಿಯುವುದೋ ಇಲ್ಲವೋ ತಿಳಿಯುವುದು. ಹಳೆಯ ಸೋರಿಕೆಯಾದರೆ ಆ ಜಾಗದಲ್ಲಿ ಬಿಳಿಯ ಉಪ್ಪಿನಂತಹ ಪರೆಯೋ, ಕೂಲೆಂಟಿನ ಬಣ್ಣದ ಕಲೆಯೋ ಕಟ್ಟಿರುತ್ತದೆ. ಕಣ್ಣಿಗೆ ಕಾಣದ ಹಿಂಬದಿಯನ್ನು ಸಣ್ಣ ಕನ್ನಡಿ ಹಿಡಿದು ನೋಡಬಹುದು.

ಮೇಲಿನ ಮತ್ತು ಕೆಳಗಿನ ರಬ್ಬರ್ ಕೊಳವೆಗಳು, ಅವುಗಳ ಕ್ಲಾಂಪುಗಳು, ರೇಡಿಯೇಟರಿನ ತೊಟ್ಟಿಯ ಬೆಸುಗೆ, ಬ್ಲಾಕಿನ ಪಾರ್ಶ್ವದಲ್ಲಿರುವ ತಗಡಿನ ಕೋರ್ ಪ್ಲಗ್ಗುಗಳು, ಇವು ಸಾಮಾನ್ಯವಾಗಿ ಸೋರುವ ಸ್ಥಳಗಳು. ರಾತ್ರಿ ತಣ್ಣಗಾದಾಗ ಮಾತ್ರ ಸೋರಿ, ಎಂಜಿನ್ ಕಾದ ಕೂಡಲೆ ನಿಂತುಹೋಗುವುದಾದರೆ ಕ್ಲಾಂಪಿನ ಮೇಲೆ ಸಂಶಯಪಡತಕ್ಕದ್ದು. ನೀರಿನ ಪಂಪಿನ ಕೆಳಭಾಗದಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಒಳಗಿನ ಸೀಲು ಸವೆದಾಗ ನೀರು ಬೇರಿಂಗಿಗೆ ಹೋಗದೆ ಹೊರಬೀಳಲೆಂದೇ ಅದನ್ನು ಬಿಟ್ಟಿರುವರು. ಕೆಲವರು ಅದಕ್ಕೆ ಎಂಸೀಲ್ ಮೆತ್ತಿ ಸೋರುವುದು ನಿಂತಿತೆಂದು ಸಂತೋಷಪಡುವರು. ಬೇರಿಂಗು ಹಾಳಾಗಿ ಫ್ಯಾನು ರೇಡಿಯೇಟರಿಗೆ ಬಡಿದ ದಿನ ಆ ಸಂತೋಷಕ್ಕೆ ತಕ್ಕ ಬೆಲೆ ತೆರುವರು.

ಹೊರಗೆ ಎಲ್ಲಿಯೂ ತೇವವಿಲ್ಲದೆ ನೀರು ಕಡಮೆಯಾಗುತ್ತಿದ್ದರೆ, ಅದು ಎಂಜಿನ್ನಿನ ಒಳಕ್ಕೆ ಹೋಗುತ್ತಿರಬಹುದು. ತಣ್ಣಗಿರುವಾಗ ಫ್ಯಾನ್ ಬೆಲ್ಟನ್ನು ತೆಗೆದು, ರೇಡಿಯೇಟರನ್ನು ಬಾಯಿಮಟ್ಟ ತುಂಬಿ, ಒಂದೇ ಒಂದು ನಿಮಿಷ ಓಡಿಸಿದಾಗ ಗುಳ್ಳೆಗಳು ಎಡೆಬಿಡದೆ ಏಳುವುದಾದರೆ, ಹೆಡ್ ಗ್ಯಾಸ್ಕೆಟ್ ಸುಟ್ಟಿರುವುದೆಂದೋ ಹೆಡ್ ಬಿರುಕುಬಿಟ್ಟಿರುವುದೆಂದೋ ಊಹಿಸಬಹುದು. ನೀರು ನೇರವಾಗಿ ತಾಗುವ ಲೈನರುಗಳುಳ್ಳ ಎಂಜಿನ್ನುಗಳಲ್ಲಿ ಕೆಳಗಿನ ರಬ್ಬರ್ ಬಳೆಗಳು ಸವೆದರೆ ನೀರು ಎಣ್ಣೆಯ ಸಂಪಿಗೆ ಇಳಿಯುವುದು. ರಾತ್ರಿಯೆಲ್ಲ ನಿಂತ ಲಾರಿಯನ್ನು ಬೆಳಗ್ಗೆ ಓಡಿಸುವುದಕ್ಕೆ ಮುಂಚೆ ಸಂಪಿನ ತಿರುಪನ್ನು ಸ್ವಲ್ಪವೇ ಸಡಿಲಿಸಿದರೆ, ಎಣ್ಣೆಗಿಂತ ಭಾರವಾದ ನೀರು ಮೊದಲು ಹೊರಬರುವುದು. ಎಣ್ಣೆಯ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೂ ಅದೇ ಅರ್ಥ. ಇಂತಹ ಲಾರಿಯನ್ನು ಒಂದು ಮೈಲಿಯೂ ಓಡಿಸದೆ, ಎಂಜಿನ್ ಬಿಚ್ಚಬಲ್ಲ ಮೇಸ್ತ್ರಿಗೆ ಒಪ್ಪಿಸತಕ್ಕದ್ದು.

ಹೊರಗಿನ ಸೋರಿಕೆಗಳ ದುರಸ್ತಿ ಕಷ್ಟವಲ್ಲ. ಊದಿಕೊಂಡ ಅಥವಾ ಬಿರುಕುಬಿಟ್ಟ ಕೊಳವೆಯನ್ನು ತಂತಿ ಬಿಗಿದು ಉಳಿಸಿಕೊಳ್ಳದೆ ಹೊಸದನ್ನು ಹಾಕಬೇಕು. ಕೆಳಗಿನ ಕೊಳವೆಯಲ್ಲಿ ಸುರುಳಿ ಸ್ಪ್ರಿಂಗು ಇದ್ದರೆ ಅದನ್ನು ಬಿಸುಡಕೂಡದು, ಅದಿಲ್ಲದಿದ್ದರೆ ಪಂಪು ಎಳೆಯುವಾಗ ಕೊಳವೆ ಚಪ್ಪಟೆಯಾಗುವ ಸಂಭವವುಂಟು. ತಾಮ್ರ ಹಿತ್ತಾಳೆಗಳ ಹಳೆಯ ರೇಡಿಯೇಟರನ್ನು ಕಳಚಿ, ಬಾಯಿಗಳನ್ನು ಮುಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ತುಂಬಿದರೆ, ಗುಳ್ಳೆ ಬರುವ ಸ್ಥಳವೇ ರಂಧ್ರ. ಅಲ್ಲಿ ಚೆನ್ನಾಗಿ ಉಜ್ಜಿ ಸೀಸದ ಬೆಸುಗೆ ಹಾಕಿಸಬಹುದು. ತುಕ್ಕು ತಿಂದ ಕೋರ್ ಪ್ಲಗ್ಗನ್ನು ಕಿತ್ತು, ಗೂಡನ್ನು ಶುಚಿಮಾಡಿ, ಅದೇ ಅಳತೆಯ ಹೊಸದನ್ನು ಸಮವಾಗಿ ಬಡಿದು ಕೂರಿಸಬೇಕು.

ಡ್ರೈವರುಗಳು ಬಲ್ಲ ಅರಿಶಿನದ ಪುಡಿಯ ವೈದ್ಯದ ವಿಷಯವನ್ನೂ ಹೇಳಬೇಕಾಗಿದೆ. ರೇಡಿಯೇಟರಿಗೆ ಹಾಕಿದ ಅರಿಶಿನವು ಸಣ್ಣ ರಂಧ್ರದಲ್ಲಿ ಕಟ್ಟಿಕೊಂಡು ಸೋರುವುದನ್ನು ತಡೆಯುವುದುಂಟು. ಆದರೆ ಅದು ಒಳ್ಳೆಯ ನಾಳಕ್ಕೂ ಕೆಟ್ಟ ರಂಧ್ರಕ್ಕೂ ಭೇದವೆಣಿಸದು. ಹತ್ತಿರದ ಊರು ಸೇರುವುದಕ್ಕೆ ಉಪಯೋಗಿಸಿದವರು, ಸೇರಿದೊಡನೆ ರೇಡಿಯೇಟರನ್ನು ತೊಳೆಸತಕ್ಕದ್ದು. ಗಡಸು ನೀರಿನ ಕೊಳವೆ ಬಾವಿಗಳಿರುವ ಕಡೆಗಳಲ್ಲಿ, ಹಂಡೆಯ ತಳದಲ್ಲಿ ಕಟ್ಟುವಂತೆಯೇ ಸುಣ್ಣದ ಪರೆ ನಾಳಗಳಲ್ಲಿ ಮೊದಲೇ ಕಟ್ಟಿರುವುದರಿಂದ ಅಪಾಯ ಇನ್ನೂ ಹೆಚ್ಚು. ಅಲ್ಲಿ ಮಳೆನೀರನ್ನಾದರೂ ಬಟ್ಟಿನೀರನ್ನಾದರೂ ಕೂಲೆಂಟಿನೊಡನೆ ಬೆರೆಸಿ ಉಪಯೋಗಿಸುವುದು ಮೇಲು.

ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಎಂಬ ದ್ರವವು ರುಚಿಯಲ್ಲಿ ಸಿಹಿ, ಆದರೆ ಘೋರವಾದ ವಿಷ. ಅಂಗಳದಲ್ಲಿ ಚೆಲ್ಲಿದ್ದನ್ನು ನಾಯಿಯಾಗಲಿ ಕರುವಾಗಲಿ ನೆಕ್ಕಿದರೆ, ಮೂತ್ರಪಿಂಡಗಳು ಕೆಟ್ಟು ಸಾಯಬಹುದು. ಬಸಿದ ಕೂಲೆಂಟನ್ನು ಮುಚ್ಚಳವಿರುವ ಡಬ್ಬದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡತಕ್ಕದ್ದು. ದನಗಳಿಗೆ ನೀರು ಕುಡಿಸುವ ಬಕೀಟನ್ನು ಈ ಕೆಲಸಕ್ಕೆ ಬಳಸಲೇ ಕೂಡದು.

ದುರಸ್ತಿಯ ನಂತರ ನಿಧಾನವಾಗಿ ತುಂಬಿ, ಥರ್ಮೋಸ್ಟಾಟ್ ತೆರೆದು ಮೇಲಿನ ಕೊಳವೆ ಬಿಸಿಯಾಗುವವರೆಗೆ ಓಡಿಸಿ, ಸಿಕ್ಕಿಕೊಂಡ ಗಾಳಿ ಹೊರಟ ಮೇಲೆ ಎಂಜಿನ್ ಪೂರ್ತಿ ಆರಿದಾಗ ಮತ್ತೆ ಮಟ್ಟವನ್ನು ನೋಡಬೇಕು. ಕಾದ ಎಂಜಿನ್ನಿಗೆ ತಣ್ಣೀರು ಹೊಯ್ದರೆ ಹೆಡ್ ಸೀಳುವ ಭಯವುಂಟು. ಮುಂದಿನ ಮೂರು ದಿನ ಬೆಳಗ್ಗೆ ಲಾರಿ ಹೊರಡುವ ಮುನ್ನ ಮಟ್ಟವನ್ನು ಬರೆದಿಟ್ಟು, ಅದು ಇಳಿಯದಿದ್ದ ಮೇಲೆಯೇ ದೂರದ ಮಾರುಕಟ್ಟೆಗೆ ಹೇರು ಹಾಕತಕ್ಕದ್ದು.