ಕಡಿಮೆ ತೂಕದ ಕೂಸಿಗೆ ತಾಯಿಯ ಎದೆಯೇ ಕಾವು

1978ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾ ನಗರದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರುಗಳ ಕೊರತೆಯಿತ್ತು. ಒಂದೇ ಪೆಟ್ಟಿಗೆಯಲ್ಲಿ ಹಲವು ಶಿಶುಗಳನ್ನು ಮಲಗಿಸಬೇಕಾಗಿ ಸೋಂಕು ಹರಡುತ್ತಿತ್ತು. ಆಗ ಡಾ. ಎಡ್ಗರ್ ರೇ ಅವರು ಶಿಶುವನ್ನು ತಾಯಿಯ ಎದೆಗೇ ಅವುಚಿಡುವ ಕ್ರಮವನ್ನು ಆರಂಭಿಸಿದರು. ಇದೇ 'ಕಾಂಗರೂ ತಾಯಿ ಆರೈಕೆ'.

ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಶಿಶುವಿನ ಚರ್ಮದಡಿ ಕೊಬ್ಬು ತೆಳುವಾಗಿರುವುದರಿಂದ ಮೈ ಬೇಗನೆ ತಣ್ಣಗಾಗುತ್ತದೆ. ತಣ್ಣಗಾದ ಕೂಸು ಹಾಲು ಚೀಪಲಾರದು; ಪ್ರಾಣಕ್ಕೂ ಅಪಾಯ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದೊಡನೆ ಈ ಆರೈಕೆ ಆರಂಭಿಸಿದಾಗ ಅತಿ ಕಡಿಮೆ ತೂಕದ ಶಿಶುಗಳ ಸಾವು ಕಾಲುಭಾಗದಷ್ಟು ತಗ್ಗಿತು. ನಮ್ಮ ನೆರೆಯ ಕೊಪ್ಪಳ ಜಿಲ್ಲೆಯಲ್ಲಿಯೂ ಈ ಪದ್ಧತಿಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಮುಂದುವರಿಸುವ ಪ್ರಯೋಗ ನಡೆದಿದೆ.

ಪರದೇಶದ ಪದ್ಧತಿ ನಮ್ಮ ಮನೆಗೆ ಹೊಂದೀತೇ? ತತ್ತ್ವವನ್ನು ಬಿಡದೆ ಸಾಧನವನ್ನು ಬದಲಿಸಿದರೆ ಹೊಂದುತ್ತದೆ. ಮೈಗೆ ಮೈ ತಾಗಿರಬೇಕು, ತಾಯಿಯ ಹಾಲೇ ಆಹಾರವಾಗಬೇಕು: ಇವೆರಡು ಬದಲಾಗಬಾರದು. ವಿಶೇಷ ಚೀಲವಿಲ್ಲದಿದ್ದರೆ ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ನೂಲಿನ ಸೀರೆ ಸಾಕು. ತಾಯಿ ದಣಿದಾಗ ಅಜ್ಜಿ ಅಥವಾ ತಂದೆ ಎದೆಗೊಡಬಹುದು.

'ಬಾಣಂತಿಗೆ ಥಂಡಿ ಹತ್ತೀತು' ಎಂದು ಹಿರಿಯರು ಅಂಜುವುದುಂಟು. ಆ ಕಾಳಜಿಯನ್ನು ಅಲ್ಲಗಳೆಯಬೇಕಾಗಿಲ್ಲ. ತಾಯಿ-ಕೂಸು ಇಬ್ಬರಿಗೂ ಕೂಡಿ ಕಂಬಳಿ ಹೊದಿಸಿದರಾಯಿತು. ಆದರೆ ಹೊರಸಿನ ಕೆಳಗೆ ಕೆಂಡವಿಡುವುದು ಸಲ್ಲದು. ಹೊಗೆ ಕೂಸಿನ ಉಸಿರಿಗೆ ಕೇಡು. ಸುಡುವ ಭಯವೂ ಉಂಟು.

ಅನುಸರಿಸಬೇಕಾದ ಕ್ರಮ:

1. ಕೂಸಿಗೆ ಕುಲಾವಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿ, ತಾಯಿಯ ಬರಿಯ ಎದೆಯ ನಡುವೆ ನೆಟ್ಟಗೆ ಇರಿಸಬೇಕು.

2. ತಲೆಯನ್ನು ಒಂದು ಪಕ್ಕಕ್ಕೆ ಹೊರಳಿಸಬೇಕು. ಮೂಗು, ಬಾಯಿ ಮುಚ್ಚಬಾರದು.

3. ದಿನಕ್ಕೆ ಕನಿಷ್ಠ 8 ಗಂಟೆ, ಸಾಧ್ಯವಾದಷ್ಟೂ ಹೆಚ್ಚು ಹೊತ್ತು ಹೀಗೆ ಇರಿಸಬೇಕು. ಎರಡು ಗಂಟೆಗೊಮ್ಮೆಯಾದರೂ ಹಾಲುಣಿಸಬೇಕು.

4. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳಿಂದ ಗದಗಿನ ಆಸ್ಪತ್ರೆಗೆ ಸಾಗಿಸುವಾಗಲೂ ಕೂಸು ಎದೆಯ ಮೇಲೆಯೇ ಇರಲಿ.

5. ತೂಕ ಎರಡೂವರೆ ಕಿಲೋ ತಲುಪುವವರೆಗೆ ಮುಂದುವರಿಸಿ, ಆಶಾ ಕಾರ್ಯಕರ್ತೆಯಿಂದ ತೂಕ ಮಾಡಿಸುತ್ತಿರಬೇಕು.

ಕೂಸು ಹಾಲು ಬಿಟ್ಟರೆ, ಅಂಗಾಲು ತಣ್ಣಗಿದ್ದು ಬಿಸಿಯೇರದಿದ್ದರೆ, ಉಸಿರು ಏರಿದರೆ, ಸೆಳೆತ ಬಂದರೆ, ಅಂಗೈ ಅಂಗಾಲು ಹಳದಿಯಾದರೆ ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ತರಬೇಕು. ಮನೆಯ ಆರೈಕೆ ಚಿಕಿತ್ಸೆಗೆ ಬದಲಿಯಲ್ಲ, ಬೆಂಬಲ.